ಜಿಪ್ಸಿಗೆ ನಾಲ್ಕು ಟಾಪ್, ಹದಿನಾರು ಮಳೆಗಾಲ

ಮೂಡಿಗೆರೆ ಕಡೆ ತೋಟ ಇಟ್ಟುಕೊಂಡವರಿಗೆ ಜೂನ್ ಬಂತು ಅಂದರೆ ಎರಡು ಚಿಂತೆ. ಒಂದು ಕೊಳೆರೋಗ, ಇನ್ನೊಂದು ಜೀಪಿನ ಟಾಪ್, ಅಂದರೆ ಮೇಲಿನ ಬಟ್ಟೆ ಹೊದಿಕೆ. ಕೊಳೆರೋಗಕ್ಕಾದರೆ ಸಿಂಪಡಿಸೋಕೆ ಬೋರ್ಡೋ ದ್ರಾವಣ ಇದೆ. ಟಾಪ್‌ಗೆ ಯಾವ ಬಟ್ಟೆ ಒಳ್ಳೇದು ಅಂತ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಮಾತು. ಕ್ಯಾನ್ವಾಸ್ ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತಾರೆ ಹಳಬರು. ಲಾರಿ ಟಾರ್ಪಾಲ್ ಹಾಕಿ ಸುಮ್ನೆ ಇದ್ದುಬಿಡಿ ಅಂತಾರೆ ಡ್ರೈವರುಗಳು. ನಾನು ಎಲ್ಲರ ಮಾತೂ ಕೇಳಿದೆ. ಎಲ್ಲದಕ್ಕೂ ದುಡ್ಡೂ ಕೊಟ್ಟೆ.

ನನ್ನದು 1997ರ ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್. 1985ರಲ್ಲಿ ಬಂದ ಮೊದಲ ಜಿಪ್ಸಿಗೆ 970 ಸಿಸಿ ಇಂಜಿನ್ ಇತ್ತು. 1996ರಲ್ಲಿ 1.3 ಲೀಟರ್ ಇಂಜಿನ್ ಹಾಕಿ ಕಿಂಗ್ ಅಂತ ಹೆಸರಿಟ್ಟರು. ನಾನು 2009ರಲ್ಲಿ ಇದನ್ನು ತಗೊಂಡಾಗ ಟಾಪ್ ಅನ್ನೋದು ಹೆಸರಿಗೆ ಮಾತ್ರ ಇತ್ತು. ಮಡಚೋ ಜಾಗದಲ್ಲೆಲ್ಲ ಸೀಳು, ಹಿಂದಿನ ಕಿಟಕಿ ಹಳದಿ.

ಹಾರ್ಡ್ ಟಾಪ್ ಹಾಕಿಸಬಹುದಿತ್ತಲ್ಲ ಅಂತ ಸುಮಾರು ಜನ ಕೇಳಿದ್ದಾರೆ. ಆರ್‌ಸಿಯಲ್ಲಿ ಇರೋದು ಸಾಫ್ಟ್ ಟಾಪ್. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ. ಆ ತಲೆನೋವು ಬೇಡ ಅನ್ನಿಸಿತು. ಅಲ್ಲದೆ ಹೂಮಳೆ ಬಿದ್ದ ವಾರದ ನಂತರ, ಕಾಫಿ ಹೂವು ಬಿರಿದ ಬೆಳಿಗ್ಗೆ ಟಾಪ್ ಇಳಿಸಿಕೊಂಡು ತೋಟದೊಳಗೆ ಹೋಗುವ ಸುಖ ಇದೆಯಲ್ಲ, ಅದನ್ನು ತಗಡಿಗೆ ಯಾರು ಮಾರಿಕೊಳ್ಳುತ್ತಾರೆ?

ಮೊದಲು ಹಾಕಿಸಿದ್ದು ರೆಡಿಮೇಡ್ ರೆಕ್ಸಿನ್. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ, ಒಂದು ಅಂಗಡಿಯಲ್ಲಿ ನೇತುಹಾಕಿದ್ದು ಕಣ್ಣಿಗೆ ಬಿತ್ತು, ತಗೊಂಡೆ. ಕಪ್ಪು ಬಣ್ಣ, ಹೊಳಪು, ಹೊಲಿಗೆ ನೋಡೋಕೆ ಚೆಂದ. ಮನೆಗೆ ತಂದು ಹಾಕಿದರೆ ಮುಂದಿನ ಗಾಜಿನ ಮೇಲಿನ ಚಾನೆಲ್‌ಗೆ ಒಂದು ಇಂಚು ಸಾಲದು. ಫೋನ್ ಮಾಡಿದರೆ, "ಬಿಸಿಲಲ್ಲಿ ಎಳೀರಿ ಸಾರ್, ಬರುತ್ತೆ" ಅಂದರು. ಅದೇನೋ ನಿಜ. ರೆಕ್ಸಿನ್ ಅಂದರೆ ಬಟ್ಟೆಯ ಮೇಲೆ ಬಳಿದ ಪಿವಿಸಿ ತಾನೆ. ಮಧ್ಯಾಹ್ನದ ಬಿಸಿಲಿಗೆ ಹರಡಿಟ್ಟರೆ ಮೆತ್ತಗಾಗಿ ಹಿಗ್ಗುತ್ತದೆ. ಇಬ್ಬರು ಎಳೆದು ಕೂರಿಸಿದೆವು. ಆದರೆ ಎಳೆದ ಎಳೆತವೆಲ್ಲ ಹೋಗಿ ಕೂತಿದ್ದು ಹೊಲಿಗೆಯ ಮೇಲೆ.

ಮೊದಲ ಮಳೆಗಾಲ ಒಂದು ಹನಿ ಸೋರಲಿಲ್ಲ. ಎರಡನೇ ವರ್ಷ ಹೊಲಿಗೆ ಸಾಲಿನಲ್ಲಿ ತೇವ. ಮೂರನೇ ವರ್ಷ ನೂಲೇ ಪುಡಿಪುಡಿ. ಬಟ್ಟೆ ಗಟ್ಟಿಯಾಗಿತ್ತು, ನೂಲು ಸತ್ತಿತ್ತು. ನೈಲಾನ್ ನೂಲು ಬಿಸಿಲಿಗೆ ಬಾಳುವುದಿಲ್ಲ, ಪಾಲಿಯೆಸ್ಟರ್ ಹಾಕಬೇಕಿತ್ತು ಅನ್ನೋದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ರೆಕ್ಸಿನ್ ಕೂಡ ಬಿಗಿಯಾಗತೊಡಗಿತ್ತು. ಅದನ್ನು ಮೆತ್ತಗಿಡೋಕೆ ಸೇರಿಸಿದ ಎಣ್ಣೆಯಂಥ ಪದಾರ್ಥ ಬಿಸಿಲಿಗೆ ನಿಧಾನವಾಗಿ ಆರಿಹೋಗುತ್ತದಂತೆ. ಮಡಚಿದ ಕಡೆ ಒಣಗಿದ ಅಡಿಕೆ ಹಾಳೆ ಹಾಗೆ ಬಿರಿಯಿತು.

ಎರಡನೆಯದು ಹತ್ತಿ ಕ್ಯಾನ್ವಾಸ್, 2012ರಲ್ಲಿ. ಚಿಕ್ಕಮಗಳೂರಿನಲ್ಲಿ ಲಾರಿ ಟಾರ್ಪಾಲ್ ಹೊಲಿಯುವ ಹಿರಿಯರೊಬ್ಬರಿದ್ದರು. ನಾವೆಲ್ಲ ಭಾಯಿ ಅಂತಲೇ ಕರೆಯೋದು. ಅವರು ಗಾಡಿ ನೋಡಿ ಮೊದಲು ಹೇಳಿದ ಮಾತು, "ಗೌಡ್ರೇ, ಸಡಿಲ ಹೊಲೀತೀನಿ, ಬೈಬೇಡಿ." ಹಾಕಿದ ದಿನ ನನ್ನ ಜಿಪ್ಸಿ ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗಿತ್ತು. ಎರಡು ಮಳೆ ಬಿತ್ತು ನೋಡಿ, ತಮಟೆ ಹಾಗೆ ಬಿಗಿದುಕೊಂಡಿತು. ಹತ್ತಿ ನೆನೆದರೆ ಕುಗ್ಗುತ್ತದೆ, ರೆಕ್ಸಿನ್ ಬಿಸಿಲಿಗೆ ಹಿಗ್ಗುತ್ತದೆ. ಒಂದರ ಅಳತೆಯಲ್ಲಿ ಇನ್ನೊಂದನ್ನು ಹೊಲಿಸಿದರೆ ಕೆಟ್ಟಿತು ಅಂತಲೇ ಲೆಕ್ಕ.

ಕ್ಯಾನ್ವಾಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಅದನ್ನು ಅರ್ಥ ಮಾಡಿಕೊಳ್ಳದೆ ಬೈಯುವವರೇ ಹೆಚ್ಚು. ಹೊಸ ಕ್ಯಾನ್ವಾಸ್ ಮೊದಲ ಮಳೆಗೆ ಸೋರುತ್ತದೆ. ನನ್ನದೂ ಸೋರಿತು. ಗಾಬರಿಯಾಗಿ ಭಾಯಿಗೆ ಫೋನ್ ಮಾಡಿದೆ, ಅವರು ನಕ್ಕರು. ನೀರು ಕುಡಿದ ಎಳೆ ಊದಿಕೊಂಡು ಪಕ್ಕದ ಎಳೆಗೆ ಒತ್ತಿಕೊಳ್ಳುತ್ತದೆ. ಆಗ ಸಂದಿ ಮುಚ್ಚುತ್ತದೆ. ಎರಡು ಸಲ ಚೆನ್ನಾಗಿ ನೆನೆದು ಒಣಗಿದ ಮೇಲೆ ಬಟ್ಟೆಯಲ್ಲಿ ಸೋರಲಿಲ್ಲ. ಸೂಜಿ ತೂತಿನಲ್ಲಿ ಮಾತ್ರ ಸಣ್ಣಗೆ ಜಿನುಗುತ್ತಿತ್ತು. ಅದಕ್ಕೂ ಭಾಯಿ ಒಂದು ದಾರಿ ಹೇಳಿಕೊಟ್ಟರು. ಮೇಣದಬತ್ತಿ ತಗೊಂಡು ಹೊಲಿಗೆ ಸಾಲಿನ ಮೇಲೆ ಬೆಳ್ಳಗೆ ಗೆರೆ ಕಾಣೋ ತನಕ ಉಜ್ಜಬೇಕು. ಆಮೇಲೆ ಹೆಂಡತಿಯ ಹೇರ್ ಡ್ರೈಯರ್ ಕೇಳದೆ ತಂದು ಬಿಸಿ ಗಾಳಿ ಹಿಡಿಯಬೇಕು. ಬಿಳಿ ಗೆರೆ ನೋಡನೋಡುತ್ತ ಮಾಯವಾಗುತ್ತದೆ, ಮೇಣ ತೂತಿನೊಳಗೆ ಇಳಿಯುತ್ತದೆ. ವರ್ಷಕ್ಕೊಂದು ಸಲ, ಮೇ ಕೊನೆಯಲ್ಲಿ, ಒಂದು ಗಂಟೆ ಕೆಲಸ.

ಇನ್ನೊಂದು ಗುಟ್ಟು. ಮಳೆ ಬರುವಾಗ ನೆನೆದ ಕ್ಯಾನ್ವಾಸನ್ನು ಒಳಗಿನಿಂದ ಮುಟ್ಟಬಾರದು. ಒಂದು ದಿನ ಹಿಂದೆ ಕೂತಿದ್ದ ಮಗ ಬೆರಳಲ್ಲಿ ಮೇಲೆ ಒಂದು ಗೆರೆ ಎಳೆದ. ಆ ಗೆರೆಯುದ್ದಕ್ಕೂ ಹನಿ ಸಾಲುಗಟ್ಟಿತು. ಕೊಟ್ಟಿಗೆಹಾರದಿಂದ ಮನೆ ತಲುಪೋ ತನಕ ಅವನ ತಲೆ ಮೇಲೇ ತೊಟ್ಟಿಕ್ಕಿತು. ನಾನು ಏನೂ ಹೇಳಬೇಕಾಗಲಿಲ್ಲ.

ಕ್ಯಾನ್ವಾಸ್ ಉಸಿರಾಡುತ್ತದೆ. ಒಳಗೆ ಆವಿ ಕಟ್ಟೋದು ಕಡಿಮೆ, ಬಿಸಿಲಿಗೆ ತಂಪು, ಮಳೆ ಸದ್ದು ಹಿತ. ಹಾಗಾದರೆ ಯಾಕೆ ಬಿಟ್ಟೆ? ಬೂಷ್ಟು. ನಮ್ಮಲ್ಲಿ ವರ್ಷಕ್ಕೆ ನೂರು ಇಂಚು ಮಳೆ, ಜುಲೈಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣೋದಿಲ್ಲ. ಬಟ್ಟೆ ಒಣಗೋಕೆ ಸಮಯವೇ ಸಿಗುವುದಿಲ್ಲ. ನಾಲ್ಕನೇ ವರ್ಷಕ್ಕೆ ಮೂಲೆಗಳಲ್ಲಿ ಕಪ್ಪು ಚುಕ್ಕೆ, ಗಾಡಿ ಒಳಗೆ ನೆನೆದ ಗೋಣಿಚೀಲದ ವಾಸನೆ. ನಾನೇ ಮಾಡಿದ ತಪ್ಪು ಒಂದಿದೆ. ಚೊಕ್ಕಟ ಮಾಡೋಣ ಅಂತ ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿದೆ. ಬೂಷ್ಟಿನ ಜೊತೆಗೆ ವಾಟರ್‌ಪ್ರೂಫ್ ಲೇಪವೂ ತೊಳೆದುಹೋಯಿತು. ಆಮೇಲೆ ಅದು ಟಾಪ್ ಆಗಿ ಉಳಿಯಲಿಲ್ಲ, ಜರಡಿ ಆಯಿತು.

ಬೇಜಾರಾಗಿ 2017ರಲ್ಲಿ ಲಾರಿ ಟಾರ್ಪಾಲ್‌ಗೆ ಹೋದೆ. ಪಾಲಿಯೆಸ್ಟರ್ ಬಟ್ಟೆಗೆ ಎರಡೂ ಕಡೆ ಪಿವಿಸಿ ಬಳಿದದ್ದು, ಚದರ ಮೀಟರಿಗೆ 650 ಗ್ರಾಂ ತೂಕದ್ದು. ಇದರ ಜೋಡಣೆಯನ್ನು ಹೊಲಿಯಲೇಬೇಕೆಂದಿಲ್ಲ, ಬಿಸಿ ಗಾಳಿಯಲ್ಲಿ ಬೆಸೆಯಬಹುದು. ಸೂಜಿ ತೂತೇ ಇಲ್ಲದ ಮೇಲೆ ಸೋರೋದು ಎಲ್ಲಿಂದ? ನಾಲ್ಕರಲ್ಲಿ ಇದೇ ಅಗ್ಗ. ಐದು ವರ್ಷ ನಾನು ಅದಕ್ಕೆ ಮಾಡಿದ ಸೇವೆ ಅಂದರೆ ಪೈಪಿನಲ್ಲಿ ನೀರು ಬಿಟ್ಟಿದ್ದು, ಅಷ್ಟೇ. ಕಪಿ ಹಿಂಡು ಒಂದು ಸಲ ಹಲಸಿನ ಮರದಿಂದ ಅದರ ಮೇಲೆ ಧುಮುಕಿ ಜಾರುಬಂಡೆ ಆಡಿತು. ಒಂದು ಗೀರು ಬಿತ್ತು, ಹರಿಯಲಿಲ್ಲ. ಕ್ಯಾನ್ವಾಸ್ ಆಗಿದ್ದರೆ ಕಥೆ ಬೇರೆ.

ಆದರೆ ಸದ್ದು! ಜೋರು ಮಳೆಯಲ್ಲಿ ತಗಡಿನ ಶೆಡ್ಡಿನೊಳಗೆ ಕೂತ ಹಾಗೆ. ಪಕ್ಕದಲ್ಲಿ ಕೂತ ಹೆಂಡತಿ "ಹಾಲು ತಗೊಳ್ಳಿ" ಅಂದಿದ್ದು ನನಗೆ "ಹೋಗಲಿ ಬಿಡಿ" ಅಂತ ಕೇಳಿ, ಮನೆಗೆ ಬಂದ ಮೇಲೆ ಬೇರೆ ಮಳೆ ಸುರಿಯಿತು. ಐವತ್ತು ಕಿಲೋಮೀಟರ್ ವೇಗ ದಾಟಿದರೆ ಪಟಪಟ ಬಡಿತ ಬೇರೆ. ಅದು ಉಸಿರಾಡುವುದೂ ಇಲ್ಲ. ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕೂತರೆ ಹತ್ತು ನಿಮಿಷದಲ್ಲಿ ಒಳಮೈಯೆಲ್ಲ ಬೆವರುತ್ತದೆ. ಹೊರಗಿನ ನೀರನ್ನು ತಡೆದ ಟಾಪ್ ನಮ್ಮ ಬೆವರನ್ನೇ ನಮ್ಮ ಮೇಲೆ ಸುರಿಸುತ್ತದೆ. ಮಡಚುವ ಯೋಚನೆಯನ್ನಂತೂ ಬಿಡಬೇಕು, ಹಿಂದಿನ ಸೀಟು ಪೂರ್ತಿ ಅದಕ್ಕೇ ಬೇಕು.

ನಾಲ್ಕನೆಯದು ಬಂದಿದ್ದು ಅಮೆರಿಕದಲ್ಲಿರುವ ಭಾವನಿಂದ. ಅವರ ಹತ್ತಿರ ಒಂದು ಹಳೇ ಮಜ್ದಾ ಮಿಯಾಟಾ ಇದೆ, ಟಾಪ್ ಮಡಚುವ ಎರಡು ಸೀಟಿನ ಕಾರು, ಮೊದಲ ತಲೆಮಾರಿನದು. ಅದರ ಟಾಪನ್ನು ಸ್ವತಃ ಬದಲಾಯಿಸಿದವರು. ಅಲ್ಲೂ ಇದೇ ಜಗಳವಂತೆ, ರೆಕ್ಸಿನ್ನಿನಂಥ ವಿನೈಲ್ ಒಳ್ಳೇದೋ, ಬಟ್ಟೆ ಒಳ್ಳೇದೋ ಅಂತ. ಅವರು ಹಾಕಿದ್ದು ಮೂರು ಪದರದ ಅಕ್ರಿಲಿಕ್ ಬಟ್ಟೆ. ಹೊರಗೆ ಅಕ್ರಿಲಿಕ್, ನಡುವೆ ತೆಳು ರಬ್ಬರ್, ಒಳಗೆ ಅಸ್ತರು. ಇದರ ಬಣ್ಣ ಮೇಲೆ ಬಳಿದದ್ದಲ್ಲ, ಎಳೆ ತೆಗೆಯುವ ಮೊದಲೇ ಬೆರೆಸಿದ್ದು. ಬೀಟ್‌ರೂಟ್ ಕೊಯ್ದ ಹಾಗೆ, ಒಳಗೂ ಅದೇ ಬಣ್ಣ. 60 ಇಂಚು ಅಗಲದ ಥಾನು ಸೂಟ್‌ಕೇಸಿನಲ್ಲಿ ಬಂತು. 2022ರ ಬೇಸಿಗೆಯಲ್ಲಿ ಭಾಯಿಯ ಮಗ ಹೊಲಿದ. ದುಡ್ಡು ಕೇಳಬೇಡಿ, ಉಳಿದ ಮೂರೂ ಸೇರಿದರೆ ಇದರ ಹತ್ತಿರ ಬರುತ್ತವೆ.

ಹೊಲಿಯುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಜೋಡಣೆಯಲ್ಲಿ ಮೇಲಿನ ತುಂಡು ಕೆಳಗಿನದರ ಮೇಲೆ ಬರಬೇಕು, ಹೆಂಚು ಹೊದಿಸಿದ ಹಾಗೆ, ನೀರು ಜಾರಿ ಹೋಗಬೇಕು. ಹುಡುಗ ಒಂದು ಕಡೆ ತಿರುಗಾಮುರುಗಾ ಇಟ್ಟಿದ್ದ. ಬಿಚ್ಚಿಸಿ ಮತ್ತೆ ಹೊಲಿಸಿದೆ. ಹಳೆಯ ಸೂಜಿ ತೂತು ಹಾಗೇ ಉಳಿಯಿತು, ಈಗಲೂ ಜಡಿಮಳೆಗೆ ಅಲ್ಲೊಂದೇ ಕಡೆ ತೇವ. ಅಲ್ಲಿ ಮೇಣದಬತ್ತಿ ಕೆಲಸಕ್ಕೆ ಬಂತು.

ಮೂರು ಮಳೆಗಾಲ ಆಯಿತು. ಸದ್ದು ಕ್ಯಾನ್ವಾಸಿಗಿಂತಲೂ ಕಡಿಮೆ. ಮಡಚಿದರೆ ಕಂಬಳಿ ಹಾಗೆ ಕೂರುತ್ತದೆ. ಬಣ್ಣ ಮಾಸಿಲ್ಲ. ಬೂಷ್ಟು ಬಟ್ಟೆಗೆ ಹಿಡಿಯದಿದ್ದರೂ ಮೇಲೆ ಕೂತ ಧೂಳಿಗೆ, ಎಲೆ ಚೂರಿಗೆ ಹಿಡಿಯುತ್ತದೆ. ಮೆತ್ತನೆ ಬ್ರಷ್, ತಣ್ಣೀರು ಸಾಕು, ಆದರೆ ತಿಂಗಳಿಗೊಮ್ಮೆ ಮಾಡಲೇಬೇಕು.

ಕಿಟಕಿ ವಿಷಯದಲ್ಲಿ ಮಾತ್ರ ನಾಲ್ಕೂ ಟಾಪ್‌ಗೆ ಒಂದೇ ಹಣೆಬರಹ. ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿಯೇ ಆಗುತ್ತದೆ. ಮಿಯಾಟಾಗೂ 1989ರಿಂದ ಪ್ಲಾಸ್ಟಿಕ್ಕೇ ಇತ್ತು, ಎರಡನೇ ತಲೆಮಾರಿಗೆ ಗಾಜು ಬಂತು. ಅಲ್ಲಿಯವರು ಟಾಪ್ ಇಳಿಸುವ ಮೊದಲು ಕಿಟಕಿಯ ಜಿಪ್ ಬಿಚ್ಚಿ ಮಲಗಿಸುತ್ತಾರಂತೆ, ಮಡಿಕೆ ಬೀಳದಿರಲಿ ಅಂತ. ನಾನು ಹಳೇ ಪಂಚೆ ನಡುವೆ ಇಟ್ಟು ಸುತ್ತುತ್ತೇನೆ. ಧೂಳಿದ್ದಾಗ ಒಣಬಟ್ಟೆಯಲ್ಲಿ ಒರೆಸಬೇಡಿ, ಮೊದಲು ನೀರು ಸುರಿಯಿರಿ. ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡಿ, ಮಂಜು ಕವಿದ ಹಾಗಾಗುತ್ತದೆ.

ನನ್ನನ್ನು ಕೇಳಿದರೆ, ಗಾಡಿ ಬೆಂಗಳೂರು, ಮೈಸೂರು ಕಡೆ ಇದ್ದು ರಾತ್ರಿ ಶೆಡ್ಡಿನಲ್ಲಿ ನಿಲ್ಲುವುದಾದರೆ ಕ್ಯಾನ್ವಾಸ್ ಹಾಕಿಸಿ. ಒಣಗೋಕೆ ಬಿಸಿಲಿದೆ, ಅದರಷ್ಟು ಹಿತ ಈ ಬೆಲೆಗೆ ಬೇರೆ ಇಲ್ಲ. ತೋಟದ ಕೆಲಸಕ್ಕೆ, ಗೊಬ್ಬರದ ಮೂಟೆ ಹೇರೋಕೆ ಅಂದರೆ ಕಣ್ಣುಮುಚ್ಚಿ ಲಾರಿ ಟಾರ್ಪಾಲ್. ರೆಡಿಮೇಡ್ ರೆಕ್ಸಿನ್ ಗಾಡಿ ಮಾರುವವರಿಗೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಅಕ್ರಿಲಿಕ್ ತರಿಸುವುದಾದರೆ ವಿದೇಶದಲ್ಲಿ ಒಳ್ಳೇ ಭಾವ ಇರಬೇಕು.

ಹಳೇ ಲಾರಿ ಟಾರ್ಪಾಲ್ ಟಾಪನ್ನು ಎಸೆದಿಲ್ಲ. ಈಗ ಕಣದಲ್ಲಿ ಮೆಣಸಿನ ಮೂಟೆಗಳ ಮೇಲಿದೆ, ಇನ್ನೂ ಒಂದು ಹನಿ ಒಳಗೆ ಬಿಟ್ಟಿಲ್ಲ. ಹಿಂದಿನ ಕಿಟಕಿ ಇದ್ದ ತೂತಿನಿಂದ ಬೆಕ್ಕು ಮಾತ್ರ ನುಗ್ಗಿ ಮಲಗುತ್ತದೆ.