ಗೆದ್ದಲಿಗೆ ಮನೆಯಲ್ಲಿ ಡ್ರಿಲ್, ಅಂಗಡಿಯಲ್ಲಿ ಡಬ್ಬಿ: ಎರಡನ್ನೂ ಮಾಡಿಸಿ ನೋಡಿದ ಮೇಲೆ

ಮೊದಲು ಗೊತ್ತಾಗಿದ್ದು ಅಂಗಡಿಯಲ್ಲಿ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ನಮ್ಮದೊಂದು ಲಗ್ನಪತ್ರಿಕೆ ಅಂಗಡಿ ಇದೆ. ಆಷಾಢ, ವ್ಯಾಪಾರ ಇರಲಿಲ್ಲ. ಸುಮ್ನೆ ಕೂರೋದು ಯಾಕೆ ಅಂತ ಸ್ಟಾಕ್ ಎಣಿಸಲು ಕೆಳಗಿನ ಸಾಲಿನಿಂದ ಒಂದು ಕಟ್ಟು ಎಳೆದೆ. ನೂರು ಕಾರ್ಡಿನ ಕಟ್ಟು, ಹತ್ತು ಕಾರ್ಡಿನಷ್ಟೂ ಭಾರ ಇಲ್ಲ. ಮೇಲಿನ ಕಾರ್ಡಿನಲ್ಲಿ ಗಣಪತಿ ನೆಟ್ಟಗೆ ಕೂತಿದ್ದಾನೆ, ಚಿನ್ನದ ಬಣ್ಣ ಕೂಡ ಮಾಸಿಲ್ಲ. ಅದನ್ನು ಎತ್ತಿದರೆ ಕೆಳಗೆ ಕಾರ್ಡೇ ಇಲ್ಲ. ಒದ್ದೆ ಮಣ್ಣು, ಅದರೊಳಗೆ ಬೆಳ್ಳಗೆ ಓಡಾಡುವ ಹುಳ.

ಅದೇ ತಿಂಗಳು ಹನುಮಂತನಗರದ ಮನೆಯಲ್ಲೂ ಶುರುವಾಯಿತು. ಅಮ್ಮ ದೇವರ ಕೋಣೆಯ ಬಾಗಿಲಿನ ಚೌಕಟ್ಟು ಒರೆಸುತ್ತಿದ್ದರು, ಬೆರಳು ಸೀದಾ ಒಳಗೆ ಹೋಯಿತು. ಉಳಿದಿದ್ದು ಪೇಂಟಿನ ಪದರ ಮಾತ್ರ.

ಆಮೇಲಿನ ಎರಡು ವರ್ಷದಲ್ಲಿ ಸೀಮೆಎಣ್ಣೆಯಿಂದ ಹಿಡಿದು ವಿಷದ ತಿನಿಸು ತುಂಬಿದ ದುಬಾರಿ ಡಬ್ಬಿಯವರೆಗೆ ಎಲ್ಲ ಮಾಡಿದ್ದೇನೆ. ಯಾವುದು ಒಳ್ಳೇದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಒಂದು ಸಲ ಬರೆದುಬಿಡುತ್ತೇನೆ.

ಔಷಧಿಗಿಂತ ಮೊದಲು ಒಂದು ಮಾತು. ಮರದಿಂದ ಪುಡಿ ಉದುರಿದರೆ ಅದೆಲ್ಲ ಗೆದ್ದಲಲ್ಲ. ನಮ್ಮ ಅಪ್ಪನ ಕುರ್ಚಿಯ ಕೆಳಗೆ ದಿನಾ ಬೆಳಿಗ್ಗೆ ಪುಡಿ ಬೀಳುತ್ತಿತ್ತು. ಒಂದು ಕಂಪನಿಯವರು ಬಂದು ನೋಡಿ, ಗೆದ್ದಲು, ಇಡೀ ಮನೆಯ ನೆಲಕ್ಕೆ ಡ್ರಿಲ್‌ನಲ್ಲಿ ತೂತು ಹೊಡೆದು ಔಷಧಿ ಹಾಕಬೇಕು ಅಂದರು. ಆ ಪುಡಿಯನ್ನು ಬಿಳಿ ಹಾಳೆ ಮೇಲೆ ಹಾಕಿ ಭೂತಗನ್ನಡಿಯಲ್ಲಿ ನೋಡಿದೆ. ಸಣ್ಣ ರವೆ ಥರ ಕಾಳು ಕಾಳು, ಒಂದೊಂದಕ್ಕೂ ಆರು ಮುಖ. ಅದು ಒಣ ಮರದ ಗೆದ್ದಲಿನ ಹಿಕ್ಕೆ. ಈ ಜಾತಿ ಮರದೊಳಗೇ ಸಂಸಾರ ಮಾಡುತ್ತದೆ, ಮಣ್ಣಿನ ಸಂಪರ್ಕವೇ ಬೇಡ. ನೆಲಕ್ಕೆ ಎಷ್ಟು ತೂತು ಕೊರೆದರೂ ಕುರ್ಚಿಯೊಳಗಿನ ಹುಳಕ್ಕೆ ಏನೂ ಆಗುವುದಿಲ್ಲ. ಪುಡಿ ಮೈದಾ ಹಿಟ್ಟಿನ ಹಾಗೆ ನುಣ್ಣಗಿದ್ದು, ಮರದ ಮೇಲೆ ಗುಂಡುಸೂಜಿ ಗಾತ್ರದ ತೂತುಗಳಿದ್ದರೆ ಅದು ಕುಟ್ಟೆ ಹುಳ, ಅಂದರೆ ದುಂಬಿ ಜಾತಿಯದು. ನೆಲದಿಂದ ಬರುವ ಗೆದ್ದಲು ಪುಡಿ ಉದುರಿಸುವುದೇ ಇಲ್ಲ. ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಎಳೆದುಕೊಂಡು ಬರುತ್ತದೆ, ಮರ ತಿಂದ ಜಾಗಕ್ಕೂ ಮಣ್ಣು ತುಂಬುತ್ತದೆ.

ಕುರ್ಚಿಯನ್ನು ಅಮ್ಮ ಏಪ್ರಿಲ್ ಬಿಸಿಲಿಗೆ ತಾರಸಿ ಮೇಲೆ ಹಾಕಿದರು. ಮರದ ನಡುವಿನವರೆಗೂ 50 ಡಿಗ್ರಿ ಹತ್ತಿರ ಬಿಸಿ ಏರಿ ಅರ್ಧ ಗಂಟೆಯಾದರೂ ನಿಂತರೆ ಹುಳ ಸಾಯುತ್ತದೆ. ನಮ್ಮ ಊರಿನ ಬಿಸಿಲಿಗೆ ಅಷ್ಟು ದಪ್ಪ ತೇಗದ ಕಾಲು ಒಳಗೆಲ್ಲಿ ಕಾಯಬೇಕು? ತಿಂಗಳಲ್ಲಿ ಪುಡಿ ಮತ್ತೆ ಬಂತು. ಕೊನೆಗೆ ಬಡಗಿ ಹುಳ ಹಿಡಿದ ಎರಡು ಕಾಲು ಬಿಚ್ಚಿ ಹೊಸದು ಹಾಕಿಕೊಟ್ಟ.

ಮಣ್ಣಿನ ಗೆರೆ ಕಂಡರೆ ತಕ್ಷಣ ಒರೆಸಬೇಡಿ. ಒಂದು ಇಂಚು ಮಾತ್ರ ಕೆರೆದು ಪಕ್ಕದಲ್ಲಿ ಕೂತು ನೋಡಿ. ನಮ್ಮನೆಯಲ್ಲಿ ಹತ್ತು ನಿಮಿಷದಲ್ಲಿ ಕಂದು ತಲೆಯ ಕಾವಲಿನವು ಆಚೆ ಬಂದು ತಲೆ ಆಡಿಸಿಕೊಂಡು ನಿಂತವು. ಹಿಂದೆಯೇ ಬಿಳಿ ಕೆಲಸದವು ಬಾಯಲ್ಲಿ ಒದ್ದೆ ಮಣ್ಣು ತಂದು ಅಂಟಿಸತೊಡಗಿದವು. ಬೆಳಿಗ್ಗೆ ನೋಡಿದರೆ ಗೆರೆ ಮೊದಲಿನ ಹಾಗೇ ಇತ್ತು. ಎರಡು ದಿನವಾದರೂ ರಿಪೇರಿ ಆಗದಿದ್ದರೆ ಅದು ಹಳೇ ದಾರಿ ಇರಬಹುದು. ಮುಂದೆ ಯಾವ ಔಷಧಿ ಕೆಲಸ ಮಾಡಿತು ಅಂತ ನಾನು ನೋಡಿದ್ದೂ ಹೀಗೇ ಕೆರೆದು ಕಾದು.

ಸೀಮೆಎಣ್ಣೆಯದು ಎರಡು ಮಾತು ಸಾಕು. ಹಾಕಿದ ಜಾಗದಲ್ಲಿ ಸಾಯುತ್ತವೆ, ನಾಲ್ಕು ದಿನಕ್ಕೆ ಒಂದಡಿ ಪಕ್ಕದಲ್ಲಿ ಹೊಸ ಗೆರೆ ಏಳುತ್ತದೆ. ಕಾಗದದ ಅಂಗಡಿಯಲ್ಲಿ ಅದನ್ನು ಚೆಲ್ಲಿದ್ದು ಎಂಥ ಪೆದ್ದತನ ಅಂತ ಈಗ ನೆನೆಸಿಕೊಂಡರೂ ಭಯ ಆಗುತ್ತೆ. ಬೇವಿನೆಣ್ಣೆ, ಉಪ್ಪುನೀರು, ಸುಣ್ಣ ಎಲ್ಲದರ ಕಥೆಯೂ ಅಷ್ಟೇ. ಸೂಪರ್ ಮಾರ್ಕೆಟ್‌ನ ಸ್ಪ್ರೇ ಡಬ್ಬಿ ಇನ್ನೂ ಮೋಸ, ಯಾಕಂದರೆ ಕಣ್ಣೆದುರಿಗೆ ಪಟಪಟ ಬೀಳುವುದನ್ನು ನೋಡಿ ಗೆದ್ದೆವು ಅನ್ನಿಸಿಬಿಡುತ್ತದೆ. ರಾಣಿ ಇರುವುದು ನೆಲದೊಳಗೆ, ಎಷ್ಟೋ ಸಲ ಮನೆಯಿಂದ ಆಚೆ. ನಾವು ಕೊಲ್ಲುವುದು ಊಟಕ್ಕೆ ಬಂದವನ್ನು ಮಾತ್ರ.

ಹಾಗಾಗಿ ನಿಜವಾದ ಪೈಪೋಟಿ ಇರುವುದು ಎರಡಕ್ಕೇ. ಒಂದು, ಗೋಡೆ ಬುಡದಲ್ಲಿ ತೂತು ಕೊರೆದು ಔಷಧಿ ತುಂಬಿಸುವುದು. ಇನ್ನೊಂದು, ವಿಷ ಬೆರೆಸಿದ ತಿನಿಸನ್ನು ಅವುಗಳ ದಾರಿಯಲ್ಲೇ ಇಡುವುದು.

ಡ್ರಿಲ್ ನಾನು ಎರಡು ಸಲ ಮಾಡಿಸಿದೆ. ಮೊದಲ ಸಲ ಕಮ್ಮಿ ರೇಟು ಹೇಳಿದ ಒಬ್ಬರನ್ನು ಕರೆದೆ. ಹೆಚ್ಚುಕಮ್ಮಿ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ, ಐದು ವರ್ಷದ ಗ್ಯಾರಂಟಿ ಕಾರ್ಡ್ ಕೊಟ್ಟು ಹೋದರು. ಆಮೇಲೆ ಎಣಿಸಿದರೆ ಇಡೀ ಮನೆಗೆ 22 ತೂತು, ಮೂರು ನಾಲ್ಕು ಅಡಿಗೊಂದು. ಒಂದು ಬಕೆಟ್ ಔಷಧಿಯೂ ಪೂರ್ತಿ ಖಾಲಿಯಾಗಿರಲಿಲ್ಲ. ಹಾಕಿದ್ದು ಕ್ಲೋರ್‌ಪೈರಿಫಾಸ್, ಹಳೇ ಔಷಧಿ. ಅದರ ಗಬ್ಬು ವಾಸನೆ ಮೂರು ವಾರ ಹೋಗಲಿಲ್ಲ. ಅಣ್ಣನ ಪುಟ್ಟ ಮಗಳು ನೆಲದಲ್ಲೇ ಆಡುತ್ತಿದ್ದಳು, ಅವಳನ್ನು ಅಜ್ಜಿ ಮನೆಗೆ ಕಳಿಸಬೇಕಾಯಿತು. ಇದು ನರದ ಮೇಲೆ ಕೆಲಸ ಮಾಡುವ ವಿಷ. 2025ರಲ್ಲಿ ಅಪಾಯಕಾರಿ ರಾಸಾಯನಿಕಗಳ ಬಗೆಗಿನ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದಡಿ ಕೆಲವು ವಿನಾಯಿತಿ ಇಟ್ಟು ನಿಷೇಧದ ಪಟ್ಟಿಗೂ ಸೇರಿಸಿದರು. ಮೂರನೇ ತಿಂಗಳಿಗೆ ಅಡುಗೆಮನೆಯ ಕಪಾಟಿನ ಹಿಂದೆ ಗೆರೆ ಎದ್ದಿತು. ಫೋನ್ ಮಾಡಿದರೆ, ಬರ್ತೀವಿ ಮೇಡಂ, ನಾಳೆ ಬರ್ತೀವಿ.

ಎರಡನೇ ಸಲ ಬುದ್ಧಿ ಬಂದಿತ್ತು. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಗೆದ್ದಲು ತಡೆಗೆ ಮಾಡಿರುವ ಮಾನದಂಡ ಐಎಸ್ 6313ರ ಮೂರನೇ ಭಾಗ ಕಟ್ಟಿ ಮುಗಿದ ಮನೆಗಳ ಬಗ್ಗೆಯೇ ಇದೆ. ಗೋಡೆ ಮತ್ತು ನೆಲ ಸೇರುವ ಕಡೆ 12 ಮಿಲಿಮೀಟರ್ ತೂತು, ಒಂದಡಿಗೊಂದು. ತೂತು ಕುಡಿಯುವಷ್ಟು ಔಷಧಿ, ಹೆಚ್ಚೆಂದರೆ ಒಂದು ಲೀಟರ್. ಇದನ್ನು ಚೀಟಿಯಲ್ಲಿ ಬರೆದುಕೊಂಡು ನಾಲ್ಕು ಕಂಪನಿಯವರಿಗೆ ಕೇಳಿದೆ. ಇಬ್ಬರು ನಕ್ಕರು. ಒಬ್ಬರು ರೇಟ್ ಡಬಲ್ ಮಾಡಿದರು. ನಾಲ್ಕನೆಯವರು, ಹಾಗೇ ಮಾಡ್ತೀವಿ, ನೀವೇ ನಿಂತು ನೋಡಿ ಅಂದರು. ಕೀಟನಾಶಕದ ಕೆಲಸಕ್ಕೆ ಕೃಷಿ ಇಲಾಖೆ ಕೊಡುವ ಲೈಸೆನ್ಸನ್ನೂ ಕೇಳುವ ಮೊದಲೇ ತೋರಿಸಿದರು.

ಇವರು ತಂದಿದ್ದು ಇಮಿಡಾಕ್ಲೋಪ್ರಿಡ್, 30.5 ಪರ್ಸೆಂಟ್‌ನದು. ಬಾಟಲಿಯ ಲೇಬಲ್ ಪ್ರಕಾರ ಲೀಟರ್ ನೀರಿಗೆ 2.1 ಮಿಲಿ. ವಾಸನೆ ಇಲ್ಲವೆನ್ನುವಷ್ಟು ಕಮ್ಮಿ. ಇದು ಇರುವುದೇ ಗೆದ್ದಲಿಗೆ ಗೊತ್ತಾಗುವುದಿಲ್ಲ. ಔಷಧಿ ಬಿದ್ದ ಮಣ್ಣಿನಲ್ಲಿ ಓಡಾಡಿ, ಮೈಗೆ ಮೆತ್ತಿಸಿಕೊಂಡು ಹೋಗಿ, ಒಂದನ್ನೊಂದು ನೆಕ್ಕುವಾಗ ಬೇರೆಯವಕ್ಕೂ ದಾಟಿಸುತ್ತವೆ. ಹಾಗಾಗಿ ಸಾಯುವುದು ನಿಧಾನ. ಮೊದಲ ವಾರ ಏನೂ ಆಗಿಲ್ಲವಲ್ಲ ಅಂತ ಗಾಬರಿ ಬೇಡ.

ಆ ದಿನ ನೋಟ್‌ಬುಕ್ ಹಿಡಿದು ಕೂತಿದ್ದೆ. 104 ತೂತು. ಗೋಡೆ ಉದ್ದಕ್ಕೂ ಅಮ್ಮ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಕಾಣುತ್ತಿತ್ತು. ಹೋಗಿದ್ದು ಸುಮಾರು 50 ಲೀಟರ್, ಅಂದರೆ ಬಾಟಲಿಯಿಂದ 105 ಮಿಲಿ. ಹೆಚ್ಚಿನ ತೂತುಗಳು ಅರ್ಧ ಲೀಟರಿಗೆ ತುಂಬಿ ಮೇಲೆ ಉಕ್ಕಿದವು. ದೇವರ ಕೋಣೆಯ ಹತ್ತಿರದ ಒಂದು ಮಾತ್ರ ಲೀಟರ್ ಹೋದರೂ ತುಂಬಲಿಲ್ಲ. ಕೆಲಸದ ಹುಡುಗ ಔಷಧಿ ಬಿಡುವ ಗನ್ ಹಿಡಿದುಕೊಂಡೇ, ‘ಅಕ್ಕಾ, ಇದು ಸುಮ್ನೆ ಕುಡೀತಾನೇ ಇದೆ ನೋಡಿ’ ಅಂದ. ಒಳಗೆ ಪೂರ್ತಿ ಟೊಳ್ಳು, ಅದೇ ಅವುಗಳ ಹೆದ್ದಾರಿ. ಅಲ್ಲಿ ಪಕ್ಕದಲ್ಲಿ ಇನ್ನೆರಡು ತೂತು ಹೊಡೆಸಿದೆ.

ಡ್ರಿಲ್‌ನ ಕಷ್ಟವನ್ನೂ ಹೇಳಬೇಕು. ನಮ್ಮದು ತಾತ ಹಾಕಿಸಿದ ರೆಡ್ ಆಕ್ಸೈಡ್ ನೆಲ, ಅರವತ್ತು ವರ್ಷ ತುಳಿದು ಕನ್ನಡಿ ಆಗಿದೆ. ಸಿಮೆಂಟಿಗೆ ಎಷ್ಟೇ ಕೆಂಪು ಪುಡಿ ಕಲಸಿ ಮುಚ್ಚಿದರೂ ಬಣ್ಣ ಕೂಡುವುದಿಲ್ಲ. ಇನ್ನೊಂದು ವಿಷಯ ಸಂಪ್. ಬೆಂಗಳೂರಿನ ಮನೆಗಳಲ್ಲಿ ಕಾವೇರಿ ನೀರಿನ ಸಂಪ್ ಎಷ್ಟೋ ಕಡೆ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಸಂಪಿನ ಗೋಡೆಯಲ್ಲಿ ಬಿರುಕಿದ್ದರೆ ಔಷಧಿ ಸೀದಾ ಕುಡಿಯುವ ನೀರಿಗೆ. ನಾವು ಸಂಪಿನ ಕಡೆಯ ಗೋಡೆಯನ್ನು ಬಿಟ್ಟೇಬಿಟ್ಟೆವು. ನೀರಿನ ಪೈಪು, ವೈರು ಎಲ್ಲಿ ಹೋಗಿದೆ ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಟ್ಟಿದ್ದೆ. ಆದರೂ ಬಾತ್‌ರೂಮಿನ ಒಂದು ಪೈಪಿಗೆ ಡ್ರಿಲ್ ತಾಗಿತು. ತಮಾಷೆ ಅಂದರೆ ಅದನ್ನು ಸರಿಮಾಡಲು ಗೋಡೆ ಒಡೆದಾಗ ಕಂಡಿದ್ದು ಹಳೇ ಸೋರಿಕೆ. ದೇವರ ಕೋಣೆಯ ಗೋಡೆ ವರ್ಷಗಟ್ಟಲೆ ಒಳಗೇ ಒದ್ದೆಯಾಗಿತ್ತು. ಗೆದ್ದಲಿಗೆ ಮರ ಎಷ್ಟು ಬೇಕೋ ತೇವವೂ ಅಷ್ಟೇ ಬೇಕು. ನಮ್ಮ ಮನೆ ಉಳಿದಿದ್ದರಲ್ಲಿ ಆ ಪ್ಲಂಬರ್‌ನ ಪಾಲು ಎಷ್ಟು, ಔಷಧಿಯ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ನನ್ನಿಂದ ಆಗದು.

ಇನ್ನು ಅಂಗಡಿ. ಅಲ್ಲಿ ಡ್ರಿಲ್ ಆಗುವ ಮಾತೇ ಇರಲಿಲ್ಲ. ಕೆಳಗೆ ಗ್ರಾನೈಟ್, ತೂತು ಹೊಡೆದರೆ ಓನರ್ ಅಡ್ವಾನ್ಸ್ ಹಿಡಿದುಕೊಳ್ಳುತ್ತಾರೆ. ಸೂರಿನವರೆಗೆ ಕಾಗದ, ಅದನ್ನು ಎತ್ತಿಡಲು ಪೇಟೆಯಲ್ಲಿ ಜಾಗ ಎಲ್ಲಿ? ಹಾಗಾಗಿ ಡಬ್ಬಿ. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ, ಹಿಂಬದಿ ತೆರೆದಿರುತ್ತದೆ. ಬಂದವರು ಒಂದು ಪುಡಿಯನ್ನು ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿದರು. ಮರದ ನಾರಿನ ಪುಡಿ, ಜೊತೆಗೆ ಸ್ವಲ್ಪ ಔಷಧಿ. ಓಡಾಟ ಇರುವ ಮಣ್ಣಿನ ಗೆರೆಯನ್ನು ಸ್ವಲ್ಪ ಒಡೆದು, ಅದರ ಮೇಲೆ ಡಬ್ಬಿ ಕೂರಿಸಿ, ಸುತ್ತ ಟೇಪ್ ಹಾಕಿದರು. ಅಷ್ಟೇ. ಶಬ್ದ ಇಲ್ಲ, ವಾಸನೆ ಇಲ್ಲ, ಗಿರಾಕಿ ಕೂತಿದ್ದ ಹಾಗೇ ಕೂತಿದ್ದರು.

ಈ ಔಷಧಿ ಹುಳವನ್ನು ನೇರವಾಗಿ ಕೊಲ್ಲುವುದಿಲ್ಲ. ಗೆದ್ದಲು ಬೆಳೆಯುವಾಗ ಪೊರೆ ಕಳಚಬೇಕು, ಅದಕ್ಕೆ ಅಡ್ಡ ಬರುತ್ತದೆ. ಅದನ್ನು ತಿಂದ ಗೆದ್ದಲು ಬೇರೆಯವಕ್ಕೆ ಬಾಯಿಂದ ಬಾಯಿಗೆ ಉಣಿಸುತ್ತದೆ, ಗೂಡಿಗೆಲ್ಲ ಹಂಚಿಕೆಯಾಗುತ್ತದೆ. ಮೂರು ವಾರಕ್ಕೊಮ್ಮೆ ಬಂದು ಡಬ್ಬಿ ತೆರೆದು, ಖಾಲಿಯಾದಷ್ಟು ಹಿಟ್ಟು ತುಂಬಿ ಹೋಗುತ್ತಿದ್ದರು. ಮೊದಲ ಸಲ ತೆರೆದಾಗ ಮುಕ್ಕಾಲು ತಿಂದು ಮುಗಿಸಿದ್ದವು. ದುಡ್ಡು ಕೊಟ್ಟು ಊಟ ಹಾಕುತ್ತಿದ್ದೇನಲ್ಲ ಅನ್ನಿಸಿತು.

ಎಡವಟ್ಟಾಗಿದ್ದು ನಮ್ಮಿಂದಲೇ. ಒಂದು ಸಂಜೆ ಡಬ್ಬಿಯ ಪಕ್ಕ ನಾಲ್ಕು ಹುಳ ಕಂಡು, ಅಂಗಡಿ ಹುಡುಗ ಹಳೇ ಸ್ಪ್ರೇ ತೆಗೆದು ಚೆನ್ನಾಗಿ ಹೊಡೆದುಬಿಟ್ಟ. ಒಳ್ಳೇದು ಮಾಡಿದೆ ಅಂತ ಅವನ ಮುಖದಲ್ಲಿ ಖುಷಿ ಬೇರೆ. ಮರುದಿನದಿಂದ ಆ ಡಬ್ಬಿಗೆ ಒಂದೂ ಬರಲಿಲ್ಲ. ದಾರಿ ಬದಲಿಸಿ ಎರಡು ರ‍್ಯಾಕ್ ಆಚೆ ಎದ್ದವು. ಅಲ್ಲಿ ಹೊಸ ಡಬ್ಬಿ, ಮತ್ತೆ ಮೊದಲಿಂದ ಲೆಕ್ಕ. ಎರಡು ತಿಂಗಳಲ್ಲಿ ಮುಗಿಯಬಹುದು ಅಂದಿದ್ದ ಕೆಲಸಕ್ಕೆ ನಾಲ್ಕೂವರೆ ತಿಂಗಳು ಹಿಡಿಯಿತು. ಡಬ್ಬಿ ಇಟ್ಟ ಮೇಲೆ ಆ ಸುತ್ತಮುತ್ತ ಸ್ಪ್ರೇ, ಫಿನಾಯಿಲ್ ಏನೂ ಬೇಡ. ಈ ತಾಳ್ಮೆ ಇಲ್ಲದವರು ಡಬ್ಬಿಗೆ ದುಡ್ಡು ಹಾಕಬೇಡಿ.

ದುಡ್ಡಿನ ಮಾತು ಬಂತಲ್ಲ. ಮನೆಯ ಎರಡನೇ ಡ್ರಿಲ್‌ಗೆ ಎಷ್ಟು ಕೊಟ್ಟೆನೋ ಅದರ ಎರಡೂವರೆ ಪಟ್ಟು ಡಬ್ಬಿಗೆ ಹೋಯಿತು, ಅದೂ ಮನೆಯ ಅರ್ಧದಷ್ಟಿಲ್ಲದ ಅಂಗಡಿಗೆ. ಸ್ವಂತ ಮನೆ, ಕೆಳಗಿನ ಮಹಡಿ, ತೂತು ಹೊಡೆಯಲು ಅಡ್ಡಿ ಇಲ್ಲ ಅಂದರೆ ನಾನು ಕಣ್ಣುಮುಚ್ಚಿ ಡ್ರಿಲ್ ಅನ್ನುತ್ತೇನೆ. ಬಾಡಿಗೆ ಜಾಗ, ಕಾಗದ ಬಟ್ಟೆಯ ಸ್ಟಾಕು, ಸಂಪಿನ ಮೇಲೇ ಕಟ್ಟಿದ ಕಟ್ಟಡ, ಇಂಥ ಕಡೆ ಡಬ್ಬಿ. ಹೊಸದಾಗಿ ಕಪಾಟು ಮಾಡಿಸುವವರು ಮೈಕಾ ಅಂಟಿಸುವ ಮುಂಚೆ ಪ್ಲೈವುಡ್‌ಗೆ ಗೆದ್ದಲು ತಡೆಯುವ ಬೋರೇಟ್ ದ್ರಾವಣ ಹಚ್ಚಿಸಿ. ಬರಿ ಮರ ಅದನ್ನು ಹೀರಿಕೊಳ್ಳುತ್ತದೆ, ಮೈಕಾ ಮೇಲೆ ಹಚ್ಚಿದರೆ ಒರೆಸಿ ಹೋಗುತ್ತದೆ. ಮಳೆ ಬೀಳುವ ಕಡೆ ಬೇಡ, ನೀರಿಗೆ ತೊಳೆದು ಹೋಗುತ್ತದೆ. ಗ್ಯಾರಂಟಿ ಕಾರ್ಡ್ ನೋಡಿ ಮಾತ್ರ ಮರುಳಾಗಬೇಡಿ. ನಾನು ನೋಡಿದ ಕಾರ್ಡುಗಳಲ್ಲೆಲ್ಲ ಮತ್ತೆ ಬಂದು ಔಷಧಿ ಹಾಕುತ್ತೇವೆ ಅಂತಷ್ಟೇ ಇತ್ತು. ತಿಂದ ಬಾಗಿಲಿಗೆ ಯಾರೂ ಕಾಸು ಕೊಡುವುದಿಲ್ಲ.

ಮನೆಯಲ್ಲಿ ಈಗ ಹದಿನಾಲ್ಕು ತಿಂಗಳಾಯಿತು, ಗೆರೆ ಇಲ್ಲ. ಅಂಗಡಿಯದು ಬೇರೆ ಕಥೆ. ನಮ್ಮದೂ ಪಕ್ಕದ ಅಂಗಡಿಯದೂ ಒಂದೇ ಗೋಡೆ. ಡಬ್ಬಿ ಹಾಕಿಸುವಾಗ ಅವರಿಗೂ ಹೇಳಿದ್ದೆ, ಇಬ್ಬರೂ ಸೇರಿ ಮಾಡಿಸೋಣ ಅಂತ. ನಮ್ಮಲ್ಲಿ ಏನೂ ಇಲ್ಲಮ್ಮ ಅಂದರು. ಈ ಸಲ ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಸಂಜೆ ಅವರ ಅಟ್ಟದಿಂದ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು ಎದ್ದವು. ಒಂದಲ್ಲ ಎರಡಲ್ಲ, ಟ್ಯೂಬ್‌ಲೈಟ್ ಕಾಣದಷ್ಟು. ಹಳ್ಳಿಯಲ್ಲಾಗಿದ್ದರೆ ಹಿಡಿದು ಹುರಿದು ತಿನ್ನುತ್ತಿದ್ದರು. ಇವರು ಪೊರಕೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು, ‘ಅಮ್ಮಾ, ಆ ಡಬ್ಬಿಯವರ ನಂಬರ್ ಇದೆಯಾ?’ ಅಂದರು. ಕೊಟ್ಟೆ. ಹಾಗೇ ನಮ್ಮ ಹುಡುಗನ ಕೈಯಿಂದ ಸ್ಪ್ರೇ ಕಿತ್ತು ಒಳಗಿಟ್ಟೆ.