‘ಟರ್ಕಿ ಅಂಜೂರ’ ಅಂತ ಸಸಿ ಮಾರೋ ಗಾಡಿ ಬಂದರೆ, ಮೊದಲು ಬುಡ ಕೆದರಿ ನೋಡಿ

ಆಳಂದ, ಅಫಜಲಪುರ ಕಡೆ ಹಳ್ಳಿಗಳಿಗೆ ಅಂಜೂರ ಸಸಿ ಹೇರಿಕೊಂಡ ಗಾಡಿಗಳು ಮತ್ತೆ ಬರ್ತಿವೆಯಂತೆ. ದಯವಿಟ್ಟು ಸುಮ್ನೆ ನಂಬಿ ಕೊಳ್ಳಬೇಡಿ.

ನಮ್ಮ ಕಾಕಾ ತೊಗರಿ ಹೊಲದಲ್ಲಿ ಒಂದು ಪಟ್ಟಿ ಬಿಟ್ಟು, ಇಂಥ ಗಾಡಿಯಿಂದಲೇ ಸಸಿ ತಗೊಂಡರು. “ಧಣಿ, ಇದು ಟರ್ಕಿ ಮಾಲ್ ಅದ. ಅಂಗಡ್ಯಾಗ ಒಣ ಅಂಜೂರದ ರೇಟ್ ಏನದ, ನೀವೇ ನೋಡ್ರಿ” ಅಂದಿದ್ದ ಮಾರುವವ. ಕಾಕಾ ಡ್ರಿಪ್ ಹಾಕಿಸಿದರು. ಬೇಸಿಗೆಯಲ್ಲಿ ಬುಡಕ್ಕೆಲ್ಲ ತೊಗರಿ ಹೊಟ್ಟು ಮುಚ್ಚಿದರು. ಗಿಡ ಚೆನ್ನಾಗೇ ಎದ್ದವು, ಕಾಯಿಯೂ ಹಿಡಿದವು. ಆದರೆ ಗೋಲಿ ಗಾತ್ರ ಆಗುತ್ತಿದ್ದ ಹಾಗೇ ಹಳದಿಯಾಗಿ, ಸುಕ್ಕುಗಟ್ಟಿ ಉದುರಿದವು. ಒಂದನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಒಳಗೆ ಟೊಳ್ಳು. ಸುತ್ತಲೂ ಒಣಗಿದ ಹೂವಿನ ಎಳೆ. ತಿರುಳೂ ಇಲ್ಲ, ರಸವೂ ಇಲ್ಲ.

ಫೋನ್ ಮಾಡಿದರೆ “ನಿಮ್ಮ ಕಡೆ ಚಳಿ ಕಮ್ಮಿ, ಅದಕ್ಕೇ ನಿಲ್ಲವಲ್ದು” ಅಂದ. ಶುದ್ಧ ಸುಳ್ಳು. ಅಂಜೂರಕ್ಕೆ ಸೇಬಿನಷ್ಟು ಚಳಿ ಬೇಕಿಲ್ಲ. ಪುಣೆ ಹತ್ತಿರದ ಪುರಂದರದಲ್ಲಿ, ನಮ್ಮ ಬಳ್ಳಾರಿಯಲ್ಲಿ ಬೆಳೀತಾರೆ ಅಲ್ವಾ? ಅಲ್ಲೇನು ಹಿಮ ಬೀಳುತ್ತಾ?

ಕಾರಣ ಬೇರೆಯೇ ಇದೆ. ಟರ್ಕಿಯಿಂದ ಬರುವ ಒಣ ಅಂಜೂರ ಹೆಚ್ಚಾಗಿ ಸ್ಮಿರ್ನಾ ಜಾತಿಯದು. ಅದರ ಹೂವು ಕಾಯಿಯ ಒಳಗೇ ಇರುತ್ತದೆ. ಗಂಡು ಗಿಡದ ಪರಾಗ ಹೊತ್ತ ಒಂದು ಸಣ್ಣ ಕಣಜದ ಹುಳ ಒಳಗೆ ಹೊಕ್ಕರೆ ಮಾತ್ರ ಕಾಯಿ ನಿಲ್ಲುತ್ತದೆ. ಆ ಕಣಜ ನಮ್ಮ ಕಡೆ ಇಲ್ಲ. ಅತ್ತಿ ಹಣ್ಣಿನ ಹುಳ ಸಾಲದಾ ಅಂತ ಕೆಲವರು ಕೇಳ್ತಾರೆ. ಅದು ಅತ್ತಿಗಷ್ಟೇ. ಕ್ಯಾಲಿಫೋರ್ನಿಯಾದಲ್ಲೂ ಈ ಜಾತಿ ನೆಟ್ಟವರ ಕಾಯಿ ವರ್ಷಗಟ್ಟಲೆ ಉದುರಿದವು. 1899ರಲ್ಲಿ ಕಣಜ ತರಿಸಿ ನೆಲೆಗೊಳಿಸಿದ ಮೇಲೇ ಅಲ್ಲಿ ಬೆಳೆ ಕೈಗೆ ಬಂತು.

ಗಾಡಿಯವರು ಮಾಡುವುದು ಇಷ್ಟೇ: ಒಣ ಅಂಜೂರದ ಬೀಜ ಬಿತ್ತಿ ಸಸಿ ಎಬ್ಬಿಸುತ್ತಾರೆ. ಖರ್ಚೇ ಇಲ್ಲ. ಹಾಗೆ ಎದ್ದ ಗಿಡಗಳಲ್ಲಿ ಸುಮಾರು ಅರ್ಧ ಗಂಡು, ಅವುಗಳ ಹಣ್ಣು ತಿನ್ನೋಕೆ ಬರಲ್ಲ. ಪೂನಾ ಅಂಜೂರ, ದಿನಕರ್, ಡಯಾನಾ ತಳಿಗಳಿಗೆ ಕಣಜವೇ ಬೇಡ. ಆದರೆ ಅವನ್ನು ಕಡ್ಡಿ ನೆಟ್ಟೋ ಗೂಟಿ ಕಟ್ಟಿಯೋ (ಅಂದರೆ ಗಿಡದ ಮೇಲಿನ ಕೊಂಬೆಗೇ ಬೇರು ಬರಿಸಿ) ಬೆಳೆಸಿರಬೇಕು.

ಚೀಲದ ಮೇಲ್ಮಣ್ಣು ಬೆರಳಿನಿಂದ ಕೆದರಿ. ಕಡ್ಡಿಯಿಂದ ಬಂದ ಸಸಿಗೆ ಹಳೇ ದಪ್ಪ ಕಡ್ಡಿ ಕಾಣುತ್ತದೆ, ಚಿಗುರು ಅದರ ಪಕ್ಕದಿಂದ ಒಡೆದಿರುತ್ತದೆ. ಬೀಜದ ಸಸಿಯಾದರೆ ಸಣ್ಣ ಕಾಂಡ ನೆಟ್ಟಗೆ ಮಣ್ಣಿನಿಂದಲೇ ಎದ್ದಿರುತ್ತದೆ. ತಳಿಯ ಹೆಸರು ಬರೆದ ಬಿಲ್ಲನ್ನೂ ಕೇಳಿ. ಅದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕಾದರೂ ಹೋಗಬಹುದು. ಕಾಕಾಗೆ ಬರೀ ಚೀಟಿ ಕೊಟ್ಟಿದ್ದ. ಈಗ ಆ ನಂಬರ್ ಸ್ವಿಚ್ ಆಫ್.

ಈಗಾಗಲೇ ನೆಟ್ಟವರು ಸಿಟ್ಟಿನಲ್ಲಿ ಗಿಡ ಕಿತ್ತು ಹಾಕಬೇಡಿ. ಬೇರು ಗಟ್ಟಿಯಿದ್ದರೆ ಕಾಂಡ ಕತ್ತರಿಸಿ ಪೂನಾ ಅಂಜೂರದ ಕಡ್ಡಿ ಕಸಿ ಮಾಡಿಸಬಹುದು. ಕತ್ತರಿಸಿದ ಕಡೆ ಒಸರುವ ಬಿಳಿ ಹಾಲು ಕೈಗೆ ತಾಗಿದರೆ ಉರಿ, ತುರಿಕೆ ಬರುತ್ತದೆ. ಕೈಗವಸು ಹಾಕಿಕೊಳ್ಳಿ.