ಮೂರು ಪಾತ್ರದ ನಾಟಕಕ್ಕೆ ಹೇಳಿ ಮಾಡಿಸಿದ ತಾಲೀಮು ಜಾಗ

ಬೆಂಗಳೂರಿನಲ್ಲಿ ಹವ್ಯಾಸಿ ತಂಡಗಳಿಗೆ ನಟರು ಸಿಗುತ್ತಾರೆ, ನಾಟಕವೂ ಸಿಗುತ್ತದೆ. ಸಿಗದೇ ಇರೋದು ತಾಲೀಮಿಗೆ ಜಾಗ. ಎಲ್ಲರೂ ಆಫೀಸ್ ಮುಗಿಸಿ ಟ್ರಾಫಿಕ್ ದಾಟಿ ಬರುವವರು, ಹಾಗಾಗಿ ಬೇಕಾಗಿರೋದು ಸಂಜೆಯ ಎರಡು ಮೂರು ಗಂಟೆ ಮತ್ತು ಒಂದು ಖಾಲಿ ನೆಲ, ಅಷ್ಟೇ. ಈ ಸಲ ನಮ್ಮ ಮೂರು ಪಾತ್ರದ ನಾಟಕಕ್ಕೆ ತ್ಯಾಗರಾಜನಗರದ ಒಂದು ಮನೆಯ ಮಹಡಿ ಮೇಲಿನ ಹಾಲ್ ತಗೊಂಡಿದ್ದೆವು. ಹೊರಗೆ ಬೋರ್ಡ್ ಇಲ್ಲ, ರಂಗಭೂಮಿಯವರು ಒಬ್ಬರಿಗೊಬ್ಬರು ಹೇಳಿ ಗೊತ್ತಾಗುವ ಜಾಗ. ತುಂಬಾ ಇಷ್ಟವಾಯಿತು.

ಮುಖ್ಯ ಕಾರಣ ನೆಲ. ನಮ್ಮ ಪ್ರದರ್ಶನ ಇದ್ದದ್ದು ಜೆ.ಪಿ. ನಗರದ ರಂಗಶಂಕರದಲ್ಲಿ. ಅಲ್ಲಿನ ವೇದಿಕೆ ಮುಂದಕ್ಕೆ ಚಾಚಿಕೊಂಡಿದೆ, ಪಕ್ಕದಲ್ಲಿ ಕೂತವರಿಗೂ ನಟ ಕಾಣಬೇಕು. ರವೀಂದ್ರ ಕಲಾಕ್ಷೇತ್ರದ ಥರ ಎದುರಿಗೆ ಮಾತ್ರ ನೋಡಿಕೊಂಡು ಬ್ಲಾಕಿಂಗ್ (ನಟರು ಎಲ್ಲಿ ನಿಲ್ಲಬೇಕು, ಹೇಗೆ ಓಡಾಡಬೇಕು ಅನ್ನೋ ಲೆಕ್ಕ) ಮಾಡಿದರೆ ರಂಗಶಂಕರದಲ್ಲಿ ಅರ್ಧ ಜನಕ್ಕೆ ಬೆನ್ನೇ ಕಾಣುತ್ತದೆ. ಮತ್ತೆ ನಮ್ಮಂಥವರಿಗೆ ನಿಜವಾದ ವೇದಿಕೆ ಕೈಗೆ ಸಿಗೋದು ಪ್ರದರ್ಶನದ ದಿನವೇ. ಲೈಟ್ ಕಟ್ಟಿ, ಸೆಟ್ ನಿಲ್ಲಿಸಿ, ಲೈಟು, ಸೌಂಡಿನ ಜೊತೆ ಟೆಕ್ನಿಕಲ್ ತಾಲೀಮು ಮುಗಿಸೋ ಹೊತ್ತಿಗೆ ಸಂಜೆ ಆಗಿರುತ್ತದೆ, ಏಳೂವರೆಗೆ ಸರಿಯಾಗಿ ಬಾಗಿಲು ಹಾಕಿ ನಾಟಕ ಶುರು ಮಾಡುತ್ತಾರೆ. ಅಂದರೆ ಎಂಟ್ರಿ, ಎಕ್ಸಿಟ್, ಯಾರು ಎಲ್ಲಿ ನಿಲ್ಲಬೇಕು ಅನ್ನೋದೆಲ್ಲ ತಾಲೀಮಿನಲ್ಲೇ ಮೈಗೆ ಹತ್ತಿರಬೇಕು. ಈ ಹಾಲಿನಲ್ಲಿ ವೇದಿಕೆಯ ಅಳತೆಗೆ ನೆಲದ ಮೇಲೆ ಟೇಪ್ ಅಂಟಿಸಿ, ಮೂರು ಕಡೆ ಕುರ್ಚಿ ಹಾಕಿ ಕೂರುವಷ್ಟು ಜಾಗ ಇದೆ. ಇನ್ನೂ ಒಳ್ಳೆಯದು ಏನೆಂದರೆ, ಆ ಟೇಪನ್ನು ಮರುದಿನ ಯಾರೂ ಕಿತ್ತು ಹಾಕೋದಿಲ್ಲ. ದಿನಾ ಬಂದು ಅಳೆದು ಅಂಟಿಸೋ ಕೆಲಸ ತಪ್ಪಿದರೆ ಎಷ್ಟು ಸಮಯ ಉಳಿಯುತ್ತದೆ ಅನ್ನೋದು ಮಾಡಿದವರಿಗೆ ಗೊತ್ತು.

ಎರಡನೆಯದು ಸದ್ದು. ಇಪ್ಪತ್ತು ಜನರ ನಾಟಕದಲ್ಲಿ ಹಾಡು, ಕುಣಿತ, ಮೇಳ ಇರುತ್ತದೆ, ಒಬ್ಬರು ಸ್ವಲ್ಪ ಸಡಿಲವಾದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಮೂರೇ ಜನ ಇದ್ದಾಗ ಅದೆಲ್ಲ ನಡೆಯಲ್ಲ ಅಲ್ವಾ? ಎದುರಿನವರು ಮಾತಾಡುವಾಗ ಸುಮ್ನೆ ನಿಂತು ಕೇಳಿಸಿಕೊಳ್ಳೋದೂ ಅಭಿನಯವೇ, ಮಾತಿನ ನಡುವಿನ ಒಂದು ಮೌನ ಎಷ್ಟು ಉದ್ದ ಇರಬೇಕು ಅನ್ನೋದರ ಮೇಲೆ ಇಡೀ ದೃಶ್ಯ ನಿಂತಿರುತ್ತದೆ. ಅದನ್ನು ಹಾರ್ನ್ ಸದ್ದಿನ ಮಧ್ಯೆ ಹುಡುಕೋಕೆ ಆಗಲ್ಲ. ಈ ಹಾಲ್ ಇರೋದು ಮನೆಯ ಹಿಂಭಾಗಕ್ಕೆ, ರಸ್ತೆ ಕೇಳಿಸೋದೇ ಇಲ್ಲ. ಎರಡು ಗೋಡೆಗೆ ಹಳೆಯ ಜಮಖಾನ ಇಳಿಬಿಟ್ಟಿದ್ದಾರೆ, ಹಾಗಾಗಿ ಮಾತು ಪ್ರತಿಧ್ವನಿಸಲ್ಲ. ಪಿಸುಮಾತು ಕೂಡ ಎಲ್ಲಿವರೆಗೆ ತಲುಪುತ್ತದೆ ಅಂತ ಪರೀಕ್ಷೆ ಮಾಡಬಹುದು.

ಬಾಡಿಗೆ ಗಂಟೆ ಲೆಕ್ಕ ಅಲ್ಲ, ಸಂಜೆ ಲೆಕ್ಕ. ಹಿಂದೆ ಬೇರೊಂದು ಕಡೆ ರನ್ ಥ್ರೂ (ನಾಟಕವನ್ನು ಮೊದಲಿಂದ ಕೊನೆಯವರೆಗೆ ನಿಲ್ಲಿಸದೆ ಆಡೋ ತಾಲೀಮು) ಕೊನೆಯ ದೃಶ್ಯಕ್ಕೆ ಬರುವಾಗ ಬಾಗಿಲು ತಟ್ಟಿ ಟೈಮ್ ಆಯ್ತು ಅನ್ನುತ್ತಿದ್ದರು, ಇಲ್ಲಿ ಆ ಕಾಟವಿಲ್ಲ. ಮನೆಯ ಯಜಮಾನರು ಹಿಂದೆ ತಾವೂ ನಾಟಕ ಆಡಿದವರು. ಮರೆತ ಮಾತು ನೆನಪಿಸೋ ನಮ್ಮ ಪ್ರಾಂಪ್ಟರ್ ಬರಲಾಗದ ದಿನ ತಾವೇ ಸ್ಕ್ರಿಪ್ಟ್ ಹಿಡಿದು ಕೂತರು, ನಟ ಮಾತು ಮರೆತಿದ್ದಾನೋ ಬೇಕಂತಲೇ ನಿಲ್ಲಿಸಿದ್ದಾನೋ ಅನ್ನೋದು ಅವರಿಗೆ ಅರ್ಥವಾಗುತ್ತಿತ್ತು. ಅಂಥವರು ಸಿಗೋದು ಪುಣ್ಯ.

ತೊಂದರೆಗಳೂ ಇವೆ. ಬೆಳಿಗ್ಗೆ ಡ್ಯಾನ್ಸ್ ಕ್ಲಾಸ್ ನಡೆಯೋದರಿಂದ ಒಂದು ಗೋಡೆ ಪೂರ್ತಿ ಕನ್ನಡಿ. ಹೊಸ ನಟರ ಕಣ್ಣು ಎದುರಿನವರನ್ನು ಬಿಟ್ಟು ಅಲ್ಲಿಗೇ ಹೋಗುತ್ತದೆ. ಪರದೆ ಇದೆ, ಮೊದಲೇ ಎಳೆದುಬಿಡಿ. ಸೀಲಿಂಗ್ ತಗ್ಗು, ಹಾಗಾಗಿ ಇಲ್ಲಿ ಸಾಕೆನಿಸುವ ದನಿ 300ಕ್ಕಿಂತ ಜಾಸ್ತಿ ಸೀಟಿನ ರಂಗಮಂದಿರಕ್ಕೆ ಸಾಲಲ್ಲ. ಕೊನೆಯ ವಾರ ಒಂದು ದಿನವಾದರೂ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರದಂಥ ತೆರೆದ ಜಾಗದಲ್ಲಿ ಮಾತು ಒಪ್ಪಿಸಿ ನೋಡೋದು ಒಳ್ಳೆಯದು. ಮೆಟ್ಟಿಲು ಕಿರಿದು, ದೊಡ್ಡ ಮೇಜು ಹತ್ತಲ್ಲ. ಆರೇಳು ಜನಕ್ಕಿಂತ ಹೆಚ್ಚಿನ ತಂಡ ಇದ್ದರೆ ಬೇರೆ ಕಡೆ ನೋಡಿ.

ಶನಿವಾರ, ಭಾನುವಾರ ಬೇಕಿದ್ದರೆ ತಿಂಗಳ ಮೊದಲೇ ಹೇಳಿಡಬೇಕು. ವಾರದ ದಿನಗಳಲ್ಲಿ ಸುಲಭವಾಗಿ ಸಿಗುತ್ತದೆ.